ಅರ್ಧ ಇಂಚಿಗೆ ಎಂಟು ವಾರ: ನನ್ನ ಸಿ10 ಪಿಕಪ್‌ನ ಮುಂಭಾಗ ಇಳಿಸಿದ ಲೆಕ್ಕ

ಗಾಡಿ: 1986ರ ಶೆವರ್ಲೆ ಸಿ10, ಚಿಕ್ಕ ಬೆಡ್ (ಹಿಂದಿನ ಸರಕು ತೊಟ್ಟಿ), 305 ವಿ8 ಎಂಜಿನ್, ಆಟೋಮ್ಯಾಟಿಕ್.
ಜಾಗ: ಹ್ಯೂಸ್ಟನ್ ಪಕ್ಕದ ಕೇಟಿ, ನಮ್ಮ ಮನೆ ಗ್ಯಾರೇಜ್.
ಮೆಕ್ಯಾನಿಕ್: ನಾನೇ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಶನಿವಾರ ಮಾತ್ರ ಕೈ ಮಸಿ ಮಾಡಿಕೊಳ್ಳುವವನು. ಎರಡನೇ ಜೊತೆ ಕೈ ಬೇಕಾದಾಗ ಪಕ್ಕದ ಬೀದಿಯ ದಾವಣಗೆರೆ ಅಣ್ಣ ಬರುತ್ತಿದ್ದರು.

1973ರಿಂದ 1987ರವರೆಗಿನ ಈ ಚೌಕ ಮುಖದ ಗಾಡಿಗಳನ್ನು ಇಲ್ಲಿ 'ಸ್ಕ್ವೇರ್ ಬಾಡಿ' ಅಂತಾರೆ. ಟೆಕ್ಸಾಸ್‌ನಲ್ಲಿ ಇವನ್ನು ನೆಲಕ್ಕೆ ಹತ್ತಿರ ಇಳಿಸಿ ಓಡಿಸುವ ಹುಚ್ಚು ಜಾಸ್ತಿ. ಆ ಹುಚ್ಚು ನನಗೂ ಹತ್ತಿತು. ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ದಿನಾಂಕದ ಪ್ರಕಾರ ಬರೆದಿಟ್ಟಿದ್ದೇನೆ.

ಫೆಬ್ರವರಿ 1, 2025. ಅಳತೆ, ಆರ್ಡರ್

ಮೊದಲು ಟೇಪ್ ಹಿಡಿದೆ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಎಡಕ್ಕೆ 16.5 ಇಂಚು, ಬಲಕ್ಕೆ 15.75. ನೆಲದಿಂದ ಅಳೆದರೆ ಟೈರಿನ ಗಾಳಿ, ನೆಲದ ಇಳಿಜಾರು ಎಲ್ಲಾ ಲೆಕ್ಕಕ್ಕೆ ಬರುತ್ತೆ. ಅದಕ್ಕೇ ಚಕ್ರದ ಮಧ್ಯದಿಂದ ಅಳೆಯೋದು ಒಳ್ಳೆಯದು.

ಮುಕ್ಕಾಲು ಇಂಚು ವ್ಯತ್ಯಾಸ ಕಣ್ಣಿಗೆ ಬಿತ್ತು. 'ಹಳೇ ಗಾಡಿ, ಸ್ಪ್ರಿಂಗ್ ಕುಸಿದಿರುತ್ತೆ' ಅಂದುಕೊಂಡು ಸುಮ್ಮನಾದೆ. ಈ ಇಡೀ ಕಥೆಯಲ್ಲಿ ನನ್ನ ಅತಿ ದೊಡ್ಡ ತಪ್ಪು ಇದೇ. ಅದು ಗೊತ್ತಾಗಿದ್ದು ಎರಡು ವಾರ ಕಳೆದ ಮೇಲೆ.

ಸಂಜೆ ಎರಡೂವರೆ ಇಂಚಿನ ಡ್ರಾಪ್ ಸ್ಪಿಂಡಲ್ ಜೋಡಿ ಆರ್ಡರ್ ಮಾಡಿದೆ. ನಮ್ಮೂರ ಗ್ಯಾರೇಜಿನಲ್ಲಿ ಸ್ಟಬ್ ಆಕ್ಸಲ್ ಅನ್ನುತ್ತಾರಲ್ಲ, ಅದೇ ಇದು. ಚಕ್ರ ಕೂರುವ ಮೊಳೆಯನ್ನು ಇದರಲ್ಲಿ ಎರಡೂವರೆ ಇಂಚು ಮೇಲಕ್ಕೆ ಎರಕ ಹೊಯ್ದಿರುತ್ತಾರೆ. ಚಕ್ರ ಮೇಲೆ ಹೋದಷ್ಟು ಗಾಡಿ ಕೆಳಗೆ ಬರುತ್ತೆ. ಆರ್ಡರ್ ಪುಟದಲ್ಲಿ ಬ್ರೇಕ್ ಡಿಸ್ಕ್ ಒಂದು ಇಂಚಿನದೋ ಒಂದೂಕಾಲು ಇಂಚಿನದೋ ಅಂತ ಕೇಳಿತು. ದಪ್ಪ ಇದ್ದರೆ ಒಳ್ಳೇದೇ ಅಲ್ವಾ ಅಂತ ಒಂದೂಕಾಲು ಒತ್ತಿದೆ.

ಫೆಬ್ರವರಿ 8. ಡಬ್ಬ ಬಂತು, ವಾಪಸ್ ಹೋಯ್ತು

ಒಳ್ಳೆಯದು, ಕೆಟ್ಟದ್ದು ಅಂತ ಆರಿಸುವ ವಿಷಯವೇ ಅಲ್ಲ ಅದು. ಈ ಸ್ಪಿಂಡಲ್‌ನಲ್ಲಿ ಕ್ಯಾಲಿಪರ್ (ಡಿಸ್ಕನ್ನು ಅದುಮುವ ಬ್ರೇಕ್ ಭಾಗ) ಹಿಡಿಯುವ ಕಿವಿಗಳು ಎರಕದಲ್ಲೇ ಬಂದಿರುತ್ತವೆ. ಆ ಕಿವಿಗಳ ಜಾಗ ಡಿಸ್ಕ್ ದಪ್ಪದ ಮೇಲೆ ನಿಂತಿದೆ. ತಪ್ಪು ತಂದರೆ ಡಿಸ್ಕ್ ಕ್ಯಾಲಿಪರಿನ ನಡುವೆ ಕೂರಲ್ಲ.

ಗ್ಲೋವ್ ಬಾಕ್ಸ್ ಒಳಗಿನ ಸ್ಟಿಕರ್‌ನಲ್ಲಿ ಫ್ಯಾಕ್ಟರಿಯ ಆಪ್ಷನ್ ಕೋಡ್‌ಗಳಿರುತ್ತವೆ. ನನ್ನದರಲ್ಲಿ ಅರ್ಧ ಸ್ಟಿಕರ್ ಹರಿದುಹೋಗಿತ್ತು. ಸರಿ, ಚಕ್ರ ಬಿಚ್ಚಿದೆ. ಡಿಸ್ಕಿನ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದಾಗ ಸಣ್ಣ ಅಕ್ಷರದಲ್ಲಿ .965 ಅಂತ ಕಾಣಿಸಿತು. ಡಿಸ್ಕ್ ಸವೆದು ಇಷ್ಟು ಇಂಚಿಗೆ ಇಳಿದರೆ ಬಿಸಾಕು ಅಂತ ಅದರ ಅರ್ಥ, ಅಂದರೆ 24.5 ಮಿಲಿಮೀಟರ್. ವರ್ನಿಯರ್ ಇಟ್ಟೆ: 24.8. ಅಲ್ಲಿಗೆ ನನ್ನದು ಒಂದು ಇಂಚಿನ ಡಿಸ್ಕ್, ಅದೂ ಸಾಯಲು ಕೂದಲೆಳೆ ಬಾಕಿ ಇರುವ ಡಿಸ್ಕ್.

ಚಕ್ರ ಬಿಚ್ಚಿ ಉಜ್ಜಲು ಹದಿನೈದು ನಿಮಿಷ ಸಾಕಾಯ್ತು. ಅದನ್ನು ಒಂದು ವಾರ ಮುಂಚೆ ಮಾಡಿದ್ದರೆ ವಾಪಸ್ ಕಳಿಸುವ ಖರ್ಚು 46 ಡಾಲರ್ ಉಳೀತಿತ್ತು. ಎರಡು ಎರಕದ ಕಬ್ಬಿಣದ ತುಂಡಲ್ಲವೇ, ತೂಕಕ್ಕೆ ತಕ್ಕ ದುಡ್ಡು.

ಫೆಬ್ರವರಿ 15. ಅಪ್ಪ ಕಂಡುಹಿಡಿದದ್ದು

ಅಪ್ಪ ಹಾಸನದಲ್ಲಿದ್ದಾರೆ. ಇಪ್ಪತ್ತು ವರ್ಷ ಟೆಂಪೋ ಓಡಿಸಿದವರು. ವಾಟ್ಸ್ಯಾಪ್ ವಿಡಿಯೋದಲ್ಲಿ ಗಾಡಿ ತೋರಿಸಿದೆ.

"ಲೋಡ್ ಹಾಕಿದ್ರೆ ಗಾಡಿ ಇಳಿಯುತ್ತೆ, ಗೊತ್ತು. ಖಾಲಿ ಗಾಡೀನ ಯಾಕೋ ಇಳಿಸ್ತೀಯ?"

"ಚೆಂದಕ್ಕೆ ಅಪ್ಪ."

"ಹೂಂ. ಆ ಸ್ಪ್ರಿಂಗ್ ತುದಿ ಹತ್ರ ಹಿಡಿ ಫೋನು. ಇನ್ನೂ ಕೆಳಗೆ. ಅದು ಗ್ಯಾಸ್‌ನಲ್ಲಿ ಕಟ್ ಮಾಡಿದ ಹಾಗಿದೆಯಲ್ಲೋ."

ಟಾರ್ಚ್ ಬಿಟ್ಟು ನೋಡಿದೆ. ನಿಜ. ಸ್ಪ್ರಿಂಗಿನ ಕೊನೆ ಮೇಣದಬತ್ತಿ ಕರಗಿದ ಹಾಗೆ ಗಂಟುಗಂಟಾಗಿತ್ತು. ಅಲ್ಲಿಂದ ಎರಡು ಇಂಚು ಮೇಲಿನವರೆಗೆ ಕಬ್ಬಿಣ ನೀಲಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಮಾಲೀಕರಲ್ಲಿ ಯಾರೋ ಗ್ಯಾಸ್ ಕಟರ್‌ನಿಂದ ಕತ್ತರಿಸಿ ಇಳಿಸಿದ್ದರು. ಬಲಗಡೆ ಸ್ವಲ್ಪ ಜಾಸ್ತಿ ಕತ್ತರಿಸಿದ್ದರು. ನಾನು ಕುಸಿದಿದೆ ಅಂದುಕೊಂಡ ಮುಕ್ಕಾಲು ಇಂಚು ಇದೇ.

ಅಂದರೆ ನನ್ನ ಗಾಡಿ ಆಗಲೇ ಇಳಿದ ಗಾಡಿ! ಫ್ಯಾಕ್ಟರಿ ಎತ್ತರದಿಂದ ಎರಡೂವರೆ ಇಂಚು ಇಳಿಸುತ್ತೇನೆ ಅಂತ ಲೆಕ್ಕ ಹಾಕಿದ್ದು ಪೂರಾ ತಪ್ಪಾಯ್ತು. ಈ ಸ್ಪ್ರಿಂಗ್ ಮೇಲೇ ಹೊಸ ಸ್ಪಿಂಡಲ್ ಹಾಕಿದ್ದರೆ ನಮ್ಮ ಡ್ರೈವ್‌ವೇ ಇಳಿಯುವಾಗಲೇ ಎಂಜಿನ್ ಕೆಳಗಿನ ಕ್ರಾಸ್‌ಮೆಂಬರ್ (ಚಾಸಿಯ ಅಡ್ಡ ತೊಲೆ) ನೆಲಕ್ಕೆ ಉಜ್ಜುತ್ತಿತ್ತು. ಜೊತೆಗೆ ಬೆಂಕಿ ಬಿದ್ದು ಹದ ಕೆಟ್ಟ ಸ್ಪ್ರಿಂಗ್ ಯಾವತ್ತು ಮುರಿಯುತ್ತೆ ಅಂತ ಹೇಳಕ್ಕಾಗಲ್ಲ. ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಯಾಕೆ ಸೋರುತ್ತಿದೆ ಅನ್ನೋದೂ ಆಗ ಅರ್ಥವಾಯ್ತು. ಪಾಪ, ವರ್ಷಗಟ್ಟಲೆ ಪೂರ್ತಿ ಮಡಚಿಕೊಂಡೇ ಓಡಿದ್ದವು.

ಫೆಬ್ರವರಿ ಕೊನೆ. ಯಾವುದು ಹಾಕೋದು?

ಪ್ರತಿ ವರ್ಷ ಈ ಹೊತ್ತಿಗೆ ಹ್ಯೂಸ್ಟನ್ ಉತ್ತರಕ್ಕಿರುವ ಕಾನ್ರೋದಲ್ಲಿ ಲೋನ್ ಸ್ಟಾರ್ ಥ್ರೋಡೌನ್ ಅಂತ ಪಿಕಪ್‌ಗಳ ಜಾತ್ರೆ ನಡೆಯುತ್ತೆ. ಹೋಗಿ ಪೇಂಟ್ ನೋಡೋದು ಬಿಟ್ಟು ಮೊಣಕಾಲೂರಿ ಗಾಡಿಗಳ ಕೆಳಗೆ ಬಗ್ಗಿ ನೋಡಿದೆ. ಕೇಳಿದರೆ ಮಾಲೀಕರು ಖುಷಿಯಿಂದ ತೋರಿಸ್ತಾರೆ. ಅಲ್ಲಿ ನೋಡಿದ್ದು, ಮನೆಗೆ ಬಂದು ಲೆಕ್ಕ ಹಾಕಿದ್ದು ಇಷ್ಟು.

ಸ್ಪ್ರಿಂಗ್ ಕತ್ತರಿಸೋದು: ದುಡ್ಡೇ ಬೇಡ. ಸುತ್ತು ಕಡಿಮೆಯಾದಷ್ಟು ಸ್ಪ್ರಿಂಗ್ ಗಡುಸಾಗುತ್ತೆ, ಗಾಡಿ ಕುಕ್ಕುತ್ತೆ. ನನ್ನ ಗಾಡಿಯಲ್ಲೇ ಅನುಭವಿಸಿದ್ದೆ. ಬೇಡ.

ಗಿಡ್ಡ ಸ್ಪ್ರಿಂಗ್: ಅಗ್ಗ, ಒಪ್ಪಬಹುದಾದ ದಾರಿ. ಆದರೆ ಗಾಡಿ ಇಳಿದಷ್ಟು, ಚಕ್ರವನ್ನು ಚಾಸಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ಗಳು ಮೇಲಕ್ಕೆ ತಿರುಗಿ ನಿಲ್ಲುತ್ತವೆ. ಆರ್ಮ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ಬಂಪ್ ಸ್ಟಾಪ್‌ಗೆ ಉಳಿಯುವ ಜಾಗ ಕಡಿಮೆ. ಚಕ್ರದ ತಲೆ ಒಳಕ್ಕೆ ವಾಲುತ್ತೆ. ಗಿಡ್ಡ ಶಾಕ್ ಬೇರೆ ಬೇಕು. ಇನ್ನೊಂದು ವಿಷಯ: ಸ್ಪ್ರಿಂಗ್ ಕೂರೋದು ಕೆಳಗಿನ ಆರ್ಮ್‌ನ ಹೆಚ್ಚುಕಡಿಮೆ ಮಧ್ಯದಲ್ಲಿ. ಹಾಗಾಗಿ ಅಲ್ಲಿ ಒಂದು ಇಂಚು ಕಡಿಮೆಯಾದರೆ ಚಕ್ರದ ಹತ್ತಿರ ಸುಮಾರು ಎರಡು ಇಂಚು ಇಳಿಯುತ್ತೆ. 'ಒಂದು ಇಂಚು ತಾನೇ' ಅಂತ ಕತ್ತರಿಸಿದವರೆಲ್ಲ ಬೇಸ್ತು ಬೀಳೋದು ಇಲ್ಲೇ.

ಡ್ರಾಪ್ ಕಂಟ್ರೋಲ್ ಆರ್ಮ್: ಬೆಲೆ ಜಾಸ್ತಿ. ಏರ್ ಬ್ಯಾಗ್ (ಸ್ಪ್ರಿಂಗ್ ಬದಲಿಗೆ ಗಾಳಿ ಚೀಲ): ಅದು ಬೇರೆಯೇ ಹುಚ್ಚು, ಅದರ ಸಹವಾಸ ಬೇಡ.

ಡ್ರಾಪ್ ಸ್ಪಿಂಡಲ್: ಆರ್ಮ್‌ಗಳು ಫ್ಯಾಕ್ಟರಿ ಕೋನದಲ್ಲೇ ಉಳಿಯುತ್ತವೆ. ಬಂಪ್ ಸ್ಟಾಪ್ ಜಾಗ ಹಾಗೇ ಇರುತ್ತೆ, ಮಾಮೂಲಿ ಉದ್ದದ ಶಾಕ್ ಸಾಕು. ದಿನಾ ಓಡಿಸುವ ಗಾಡಿಗೆ ಇದೇ ಸರಿ ಅನ್ನೋದು ನನ್ನ ಅಭಿಪ್ರಾಯ. ಮೂರು ಇಂಚಿನ ಮೇಲೆ ಇಳಿಸಬೇಕಾದರೆ ಇದರ ಜೊತೆಗೆ ಗಾಡಿಯನ್ನು ಒಂದು ಇಂಚು ಇಳಿಸುವ ಗಿಡ್ಡ ಸ್ಪ್ರಿಂಗ್ ಸೇರಿಸಿಕೊಳ್ಳಬಹುದು.

ಕೊನೆಗೆ ಒಂದು ಇಂಚಿನ ಡಿಸ್ಕ್‌ಗೆ ಹೊಂದುವ ಎರಡೂವರೆ ಇಂಚಿನ ಸ್ಪಿಂಡಲ್, ಫ್ಯಾಕ್ಟರಿ ಎತ್ತರದ ಹೊಸ ಸ್ಪ್ರಿಂಗ್, ಮಾಮೂಲಿ ಶಾಕ್ ಆರ್ಡರ್ ಮಾಡಿದೆ. ಸ್ಪ್ರಿಂಗ್ ತರಿಸುವಾಗ ಎಂಜಿನ್ ಯಾವುದು, ಎಸಿ ಇದೆಯಾ ಎರಡನ್ನೂ ನೋಡಿ ಆರಿಸಿದೆ. ಆರು ಸಿಲಿಂಡರ್, ಚಿಕ್ಕ ವಿ8, ದೊಡ್ಡ ವಿ8 ಆದ 454 ಎಲ್ಲಕ್ಕೂ ಭಾರ ಬೇರೆ, ಸ್ಪ್ರಿಂಗ್ ಬೇರೆ.

ಮಾರ್ಚ್ 8. ಎಡಭಾಗ, ಏಳು ಗಂಟೆ

ಹಿಂದಿನ ಚಕ್ರಕ್ಕೆ ಕಟ್ಟೆ ಕೊಟ್ಟು ಚಾಸಿ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟೆ. ಬಿಚ್ಚಿದ ಎರಡು ಚಕ್ರಗಳನ್ನೂ ಗಾಡಿ ಕೆಳಗೇ ತಳ್ಳಿಟ್ಟೆ, ಸ್ಟ್ಯಾಂಡ್ ಜಾರಿದರೆ ಅವು ತಡೆಯಲಿ ಅಂತ. ಟೆಕ್ಸಾಸ್‌ನಲ್ಲಿ ಈ ಜನವರಿಯಿಂದ ಖಾಸಗಿ ಗಾಡಿಗಳಿಗೆ ವರ್ಷದ ಸೇಫ್ಟಿ ತಪಾಸಣೆಯೇ ನಿಂತುಹೋಗಿದೆ. ಇಷ್ಟು ದಿನ ಇನ್ಸ್‌ಪೆಕ್ಷನ್ ಅಂಗಡಿಯವನಾದರೂ ಒಮ್ಮೆ ನೋಡುತ್ತಿದ್ದ. ಈಗ ನಾನು ಬಿಟ್ಟ ನಟ್ಟು ನನ್ನ ತಲೆ ಮೇಲೇ.

ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ನೇತುಹಾಕಿದೆ. ಹೋಸ್ ಮೇಲೆ ಭಾರ ಬಿಡಬಾರದು. ಸ್ಟೀರಿಂಗ್ ಎಳೆತವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಸಲಾಕೆಯ ತುದಿ ಬಿಡಿಸಲು ಕವಲಿನಂಥ ಫೋರ್ಕ್ ತೂರಿಸಿ ಸುತ್ತಿಗೆಯಲ್ಲಿ ಹೊಡೆದೆ. ಬಂತು, ಜೊತೆಗೆ ಅದರ ರಬ್ಬರ್ ಕೂಡ ಹರಿದು ಬಂತು. 22 ಡಾಲರ್ ಹೋಯ್ತು. ದಾವಣಗೆರೆ ಅಣ್ಣ ಬಂದು ನೋಡಿ, "ಫೋರ್ಕ್ ಯಾಕೆ ಮಾರಾಯಾ? ಟೇಪರ್ ಕೂತಿರೋ ಕಬ್ಬಿಣದ ಪಕ್ಕಕ್ಕೆ ಎರಡು ಏಟು ಕೊಡು, ತಾನೇ ಬಿಡುತ್ತೆ" ಅಂದರು. ಸ್ಪಿಂಡಲನ್ನು ಆರ್ಮ್‌ಗಳಿಗೆ ಸೇರಿಸುವ ಬಾಲ್ ಜಾಯಿಂಟ್‌ಗಳಿಗೆ ಹಾಗೇ ಮಾಡಿದೆ. ಮೂರನೇ ಏಟಿಗೆ ಠಣ್ ಅಂತ ಬಿಟ್ಟಿತು.

ಆದರೆ ಈ ಠಣ್‌ಗೆ ಮುಂಚೆ ಮೂರು ಕೆಲಸ ಆಗಿರಲೇಬೇಕು. ಕೆಳಗಿನ ಆರ್ಮ್‌ಗೆ ಜಾಕಿ ಕೊಟ್ಟಿರಬೇಕು. ಸ್ಪ್ರಿಂಗ್ ಒಳಗಿಂದ ಸರಪಳಿ ಹಾಯಿಸಿ ಚಾಸಿಗೆ ಸುತ್ತಿರಬೇಕು. ಬಾಲ್ ಜಾಯಿಂಟ್ ನಟ್ಟನ್ನು ಸಡಿಲ ಮಾಡಿ ಕೊನೇ ನಾಲ್ಕು ಸುತ್ತಿನ ಮೇಲೆ ಬಿಟ್ಟಿರಬೇಕು, ಪೂರ್ತಿ ತೆಗೆಯಬಾರದು. ಬರೀ ಸ್ಪಿಂಡಲ್ ಬದಲಿಸುವವರಿಗೆ ಜಾಕಿಯನ್ನು ಇಳಿಸುವ ಕೆಲಸವೇ ಇಲ್ಲ, ಸ್ಪ್ರಿಂಗ್ ಇದ್ದಲ್ಲೇ ಇರುತ್ತೆ. ನನಗೆ ಸ್ಪ್ರಿಂಗೂ ಬೇಕಿತ್ತಲ್ಲ, ಹಾಗಾಗಿ ಜಾಕಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸಿದೆ. ಆ ಐದು ನಿಮಿಷ ಅಣ್ಣನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಹಳೇ ಸ್ಪ್ರಿಂಗ್ ಹೊರಗೆ ಬಂದು ಹೊಸದರ ಪಕ್ಕ ನಿಂತಾಗ ಒಂದು ಸುತ್ತಿಗಿಂತ ಜಾಸ್ತಿ ಗಿಡ್ಡ ಇತ್ತು.

ಮೇಲಿನ ಬಾಲ್ ಜಾಯಿಂಟ್ ಫ್ಯಾಕ್ಟರಿಯದ್ದೇ, ನಾಲ್ಕು ರಿವೆಟ್ ಹೊಡೆದಿದ್ದು. ತಲೆಗಳನ್ನು ಗ್ರೈಂಡರ್‌ನಲ್ಲಿ ಸವೆಸಿ, ನಡುವೆ ಡ್ರಿಲ್ ಮಾಡಿ, ಪಂಚ್ ಇಟ್ಟು ಹೊಡೆಯಬೇಕು. ಒಂದೂವರೆ ಗಂಟೆ ಹಿಡಿಯಿತು. ಹೊಸದರ ಜೊತೆ ಬೋಲ್ಟ್ ಬರುತ್ತೆ. ಕೆಳಗಿನದು ಪ್ರೆಸ್ ಮಾಡಿ ಕೂರಿಸಿದ್ದು. ಅದಕ್ಕೆ ಆಟೋಜೋನ್‌ನಿಂದ ಬಾಲ್ ಜಾಯಿಂಟ್ ಪ್ರೆಸ್ ಎರವಲು ತಂದೆ. ಡೆಪಾಸಿಟ್ ಕಟ್ಟಿ ತರೋದು, ಟೂಲ್ ವಾಪಸ್ ಕೊಟ್ಟಾಗ ಪೂರ್ತಿ ದುಡ್ಡು ಕೊಡ್ತಾರೆ.

ಹೊಸ ಸ್ಪಿಂಡಲ್ ಕೂತ ಮೇಲೆ ಕ್ಯಾಸಲ್ ನಟ್ಟಿನ ಕಂಡಿ ಪಿನ್ ತೂತಿಗೆ ಸರಿಹೊಂದಲಿಲ್ಲ. ಆಗ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ಹೊಂದಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು.

ಮಾರ್ಚ್ 15. ಬಲಭಾಗ, ಮೂರೂವರೆ ಗಂಟೆ

ಕೈ ಪಳಗಿತ್ತು. ಈ ಕಡೆ ಮೇಲಿನ ಬಾಲ್ ಜಾಯಿಂಟ್ ಮುಂಚೆಯೇ ಯಾರೋ ಬದಲಿಸಿದ್ದರಿಂದ ರಿವೆಟ್ ಕಾಟವೂ ಇರಲಿಲ್ಲ. ಟೈ ರಾಡ್ ತುದಿ ಮಾತ್ರ ಎಡದ ಜೊತೆಗೆ ಈ ಕಡೆಯದನ್ನೂ ಬದಲಿಸಿದೆ.

ಬೇರಿಂಗ್: ಎರಡೂ ಕಡೆ ಹೊಸದು. ಅಂಗೈ ಮೇಲೆ ಗ್ರೀಸ್ ಇಟ್ಟು ಬೇರಿಂಗ್ ಅಂಚನ್ನು ಅದಕ್ಕೆ ಒತ್ತಿ ಒತ್ತಿ ತುಂಬಿದೆ, ಆ ಕಡೆಯಿಂದ ಗ್ರೀಸ್ ಇಣುಕುವವರೆಗೆ. ಡಿಸ್ಕ್ ತಿರುಗಿಸುತ್ತಾ ನಟ್ಟನ್ನು 12 ಪೌಂಡ್-ಅಡಿಗೆ ಬಿಗಿ ಮಾಡೋದು, ಸಡಿಲಿಸೋದು, ಆಮೇಲೆ ಬರೀ ಬೆರಳಿನಲ್ಲಿ ಎಷ್ಟು ಬಿಗಿಯಾಗುತ್ತೋ ಅಷ್ಟೇ, ನಂತರ ಪಿನ್. ಡಯಲ್ ಗೇಜ್ ಇಟ್ಟಾಗ ಬೇರಿಂಗಿನ ಆಟ (ಸಡಿಲ) .003 ಇಂಚು ಬಂತು. .001ರಿಂದ .005 ಒಳಗಿದ್ದರೆ ಸರಿ. 'ಸ್ವಲ್ಪ ಗಟ್ಟಿ ಇರಲಿ' ಅಂತ ಪಾನಾ ಹಾಕಿ ಬಿಗಿದರೆ ಬೇರಿಂಗ್ ಸುಡುತ್ತೆ.

ಮಾರ್ಚ್ 16. ನೆಲಕ್ಕಿಳಿಸಿದಾಗ

ಎಡಕ್ಕೆ 16.1, ಬಲಕ್ಕೆ 15.6. ಹೊಸ ಸ್ಪ್ರಿಂಗ್, ಹೊಸ ಸ್ಪಿಂಡಲ್, ಆದರೂ ಅರ್ಧ ಇಂಚು ವಾಲಿದೆ! ಸಾಲದ್ದಕ್ಕೆ ಬೀದಿಯಲ್ಲಿ ಒಂದು ಸುತ್ತು ಹೊಡೆದಾಗ ಬಲಗಡೆಯಿಂದ ಟಿಕ್ ಟಿಕ್ ಟಿಕ್. ವೇಗ ಹೆಚ್ಚಿದರೆ ಟಿಕ್ಕೂ ಜೋರು.

ಟಿಕ್ ಸಿಕ್ಕಿದ್ದು ಬೇಗ. ಡ್ರಾಪ್ ಸ್ಪಿಂಡಲ್‌ನಲ್ಲಿ ಚಕ್ರ ಮೇಲಕ್ಕೆ ಹೋಗುತ್ತಲ್ಲ, ಕೆಳಗಿನ ಬಾಲ್ ಜಾಯಿಂಟ್ ರಿಮ್ಮಿನ ಒಳಭಾಗಕ್ಕೆ ಹತ್ತಿರ ಬರುತ್ತೆ. ನನ್ನದು 15 ಇಂಚಿನ ರ್ಯಾಲಿ ಚಕ್ರ, ಜಾಗ ಮೊದಲೇ ಕಮ್ಮಿ. ರಿಮ್ಮಿನ ಒಳ ಅಂಚಿಗೆ ಸಿಕ್ಕಿಸಿದ್ದ ಬ್ಯಾಲೆನ್ಸಿಂಗ್ ಸೀಸದ ತುಂಡು ಪ್ರತಿ ಸುತ್ತಿಗೂ ಒಂದು ಸಲ ಆರ್ಮ್ ತುದಿಗೆ ಮುತ್ತು ಕೊಡುತ್ತಿತ್ತು. ಸೀಸದ ಮೇಲೆ ಹೊಳೆಯುವ ಗೀರು ಬಿದ್ದಿತ್ತು. ಟೈರ್ ಅಂಗಡಿಯಲ್ಲಿ ಎರಡೂ ಚಕ್ರಕ್ಕೆ ಅಂಟಿಸುವ ತೂಕ ಹಾಕಿಸಿದೆ, ರಿಮ್ಮಿನ ಹೊರಮುಖದ ಹಿಂದೆ. ಸದ್ದು ನಿಂತಿತು.

ಅರ್ಧ ಇಂಚು ಮಾತ್ರ ನನಗೆ ರಾತ್ರಿಯಿಡೀ ನಿದ್ದೆ ಕೊಡಲಿಲ್ಲ.

ಮಾರ್ಚ್ 22. ಎಡದ ಸ್ಪ್ರಿಂಗ್ ಮತ್ತೆ ಹೊರಗೆ

ಕೆಳಗಿನ ಆರ್ಮ್‌ನ ಸ್ಪ್ರಿಂಗ್ ಬಟ್ಟಲಲ್ಲಿ ನೀರು ಹೋಗಲು ಎರಡು ತೂತು ಇವೆ. ಸ್ಪ್ರಿಂಗಿನ ತುದಿ ಒಂದು ತೂತನ್ನು ಮುಚ್ಚಿರಬೇಕು, ಇನ್ನೊಂದು ತೆರೆದಿರಬೇಕು. ತುದಿ ಅದರ ಗುಳಿಯಲ್ಲಿ ಕೂತಿದೆ ಅನ್ನೋದಕ್ಕೆ ಗುರುತು ಅದೇ. ಎಡಗಡೆ ಬೆರಳು ಹಾಕಿ ತಡಕಿದೆ: ಎರಡೂ ತೂತು ತೆರೆದಿವೆ. ಸ್ಪ್ರಿಂಗ್ ತಿರುಗಿಕೊಂಡು ಗುಳಿಯಿಂದ ಮೇಲೆ ಹತ್ತಿ ಕೂತಿತ್ತು.

ಮಾರ್ಚ್ 8ರಂದು ಆ ತೂತುಗಳನ್ನು ನೋಡಿದ್ದೆ. ಆದರೆ ಜಾಕಿ ಏರಿಸುವ *ಮುಂಚೆ* ನೋಡಿದ್ದೆ. ಏರಿಸುವಾಗ ಸ್ಪ್ರಿಂಗ್ ತಿರುಗಿದ್ದು ಗೊತ್ತೇ ಆಗಲಿಲ್ಲ. ಭಾರ ಬಿದ್ದ ಮೇಲೆ ಇನ್ನೊಂದು ಸಲ ಬೆರಳು ಹಾಕಿದ್ದರೆ ಒಂದು ಶನಿವಾರ ಉಳೀತಿತ್ತು. ಮತ್ತೆ ಸರಪಳಿ, ಜಾಕಿ, ಸುತ್ತಿಗೆ. ಈ ಸಲ ಅಣ್ಣ ಸ್ಕ್ರೂಡ್ರೈವರ್‌ನಿಂದ ಸ್ಪ್ರಿಂಗ್ ತುದಿಯನ್ನು ಒತ್ತಿ ಹಿಡಿದರು, ನಾನು ಜಾಕಿ ಏರಿಸಿದೆ. ಎರಡು ಗಂಟೆಯಲ್ಲಿ ಮುಗಿಯಿತು.

ಸ್ಟೀರಿಂಗ್ ಅನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ, ಟೈರಿಗೆ ತಾಗುತ್ತಿಲ್ಲ ಅಂತ ನೋಡಿಕೊಂಡೆ.

ಮಾರ್ಚ್ 26. ಅಲೈನ್‌ಮೆಂಟ್

ಮೊದಲ ಅಂಗಡಿಯವರು ಗಾಡಿ ನೋಡಿದ ಕೂಡಲೇ 'ಇಳಿಸಿದ ಗಾಡಿ ಮಾಡಲ್ಲ' ಅಂದರು. ಎರಡನೇ ಕಡೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಈ ಗಾಡಿಯಲ್ಲಿ ಕ್ಯಾಂಬರ್ (ಚಕ್ರದ ತಲೆ ಒಳಗೆ-ಹೊರಗೆ ವಾಲೋದು), ಕ್ಯಾಸ್ಟರ್ (ಚಕ್ರ ತಿರುಗಿಸುವ ಅಕ್ಷ ಹಿಂದೆ-ಮುಂದೆ ವಾಲೋದು) ಎರಡೂ ಮೇಲಿನ ಆರ್ಮ್ ಶಾಫ್ಟ್ ಹಿಂದಿನ ಶಿಮ್ ಬಿಲ್ಲೆಗಳಲ್ಲೇ ಸರಿಮಾಡೋದು. ಹಿಂದಿನವರು ಕತ್ತರಿಸಿದ ಸ್ಪ್ರಿಂಗಿಗೆ ಹೊಂದಲಿ ಅಂತ ಬೇಕಾಬಿಟ್ಟಿ ಬಿಲ್ಲೆ ತುರುಕಿದ್ದರು. ಎಲ್ಲಾ ತೆಗೆದು ಹೊಸದಾಗಿ ಲೆಕ್ಕ ಹಾಕಿದರು. ಕ್ಯಾಂಬರ್ ಎರಡೂ ಕಡೆ ಸೊನ್ನೆಯ ಹತ್ತಿರ ಬಂತು.

ಮೇಲಿನ ಆರ್ಮ್ ಬುಷ್‌ಗಳನ್ನು ತೋರಿಸಿ ತಲೆ ಅಲ್ಲಾಡಿಸಿದರು. ರಬ್ಬರ್ ಸೀಳಿದೆ. ಆರ್ಮ್ ಕಣ್ಣೆದುರೇ ಇದ್ದಾಗ 'ಇನ್ನೂ ಓಡುತ್ತೆ' ಅಂತ ಬಿಟ್ಟವನು ನಾನೇ. ಬುಷ್ ಹಾಕಿದ ಮೇಲೆ ಅಲೈನ್‌ಮೆಂಟ್ ಇನ್ನೊಂದು ಸಲ ಮಾಡಿಸಬೇಕು. 130 ಡಾಲರ್ ಮತ್ತೆ.

ಖರ್ಚು, ಡಾಲರ್ ಲೆಕ್ಕದಲ್ಲಿ

ಸ್ಪಿಂಡಲ್ ಜೋಡಿ 289
ತಪ್ಪು ಸ್ಪಿಂಡಲ್ ವಾಪಸ್ ಕಳಿಸಿದ್ದು 46
ಸ್ಪ್ರಿಂಗ್ ಜೋಡಿ 138
ಬಾಲ್ ಜಾಯಿಂಟ್ ನಾಲ್ಕು 112
ಟೈ ರಾಡ್ ತುದಿ ಎರಡು 44
ಬೇರಿಂಗ್, ಸೀಲ್ 52
ಡಿಸ್ಕ್ ಎರಡು 118
ಶಾಕ್ ಎರಡು 90
ಅಲೈನ್‌ಮೆಂಟ್ 130
ಗ್ರೀಸ್, ಬ್ರೇಕ್ ಕ್ಲೀನರ್, ಚಕ್ರದ ತೂಕ 30
ಒಟ್ಟು 1,049

ಮಾರ್ಚ್ 29. ಕೊನೇ ಅಳತೆ

ನಾಳೆ ಯುಗಾದಿ. ಬೆಳಿಗ್ಗೆ ಟೇಪ್ ಹಿಡಿದೆ. ಎಡಕ್ಕೆ 15.6, ಬಲಕ್ಕೆ 15.5. ಮೊದಲಿನ ಎರಡೂ ಕಡೆಯ ಸರಾಸರಿಗೆ ಹೋಲಿಸಿದರೆ ಗಾಡಿ ಇಳಿದದ್ದು ಅರ್ಧ ಇಂಚು ಚಿಲ್ಲರೆ. ಅಣ್ಣ ಗೇಟಿನ ಹತ್ತಿರ ನಿಂತು ನೋಡಿ, "ಏನೂ ಇಳಿದ ಹಾಗೆ ಕಾಣಲ್ವಲ್ಲೋ" ಅಂತ ನಕ್ಕರು. ನಮ್ಮನೆಯವಳಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ನಮ್ಮ ಬಡಾವಣೆ ಬಾಗಿಲ ಸ್ಪೀಡ್ ಹಂಪ್ ದಾಟುವಾಗ, "ಇವತ್ತು ಕುಕ್ಕಲಿಲ್ಲ" ಅಂತ ಅವಳೇ ಹೇಳಿದಳು.

ಅಪ್ಪನಿಗೆ ಕತ್ತರಿಸಿದ ಹಳೇ ಸ್ಪ್ರಿಂಗ್‌ನ ಫೋಟೋ ಕಳಿಸಿದ್ದೆ. ಗುಜರಿಗೆ ಹಾಕೋ ಮುಂಚೆ ನಡುವೆ ಕಟ್ ಮಾಡಿ ಹಾಕು, ಇಲ್ಲಾಂದ್ರೆ ಇನ್ಯಾರೋ ತಗೊಂಡು ಗಾಡಿಗೆ ಹಾಕ್ತಾರೆ ಅಂತ ಉತ್ತರ ಬಂತು. ಗ್ರೈಂಡರ್ ಇನ್ನೂ ಹೊರಗೇ ಇತ್ತು. ಎರಡನ್ನೂ ತುಂಡು ಮಾಡಿದೆ. ಬುಷ್ ಆರ್ಡರ್ ಮಾಡಿದ್ದೇನೆ, ಏಪ್ರಿಲ್ ಎರಡನೇ ಶನಿವಾರ ಆ ಕೆಲಸ.